ಫ್ರಿಟ್ಯೋಫ್ ನಾನ್ಸೆನ್ನರ ಚರಿತ್ರೆ

ಯುರೋಪ್ ಖಂಡದ ಬಡಗಲಲ್ಲಿ ನಾರ್ವೇ ಎಂಬ ದೇಶವುಂಟು. ಚಳಿಗಾಲದಲ್ಲಿ ಅಲ್ಲಿಯ ಬಹಳಷ್ಟು ನೆಲವು ಹಿಮದಿಂದ ಮುಚ್ಚಿಹೋಗುವದರಿಂದ ಆ ಕಾಲದಲ್ಲಿ ಜನರು ಉದ್ದವಾದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಜಾರುತ್ತಾ ಸಂಚರಿಸುತ್ತಿದ್ದರು. ಈಗ ಓಸ್ಲೋ ಎಂದು ಕರೆಯಲ್ಪಡುವ ರಾಜಧಾನಿಯ ಸಮೀಪದಲ್ಲಿ 1861ನೆಯ ಇಸವಿ ಅಕ್ಟೋಬರ್ 10ರಂದು ನಾನ್ಸೆನ್ನರು ಹುಟ್ಟಿದರು. ಇವರು ಪ್ರಾಣಿಶಾಸ್ತ್ರವನ್ನು ಕಲಿತು ಪಂಡಿತರಾದರು.

ಗ್ರೀನ್‌ಲೆಂಡ್ ಎಂಬ ದೊಡ್ಡ ದ್ವೀಪದ ಒಳಸೀಮೆಯನ್ನು ಆ ವರೆಗೆ ಯಾರೂ ದಾಟಿರಲಿಲ್ಲ. ಪ್ರಯತ್ನಿಸಿದವರು ಜನವಸತಿಯುಳ್ಳ ಪಡುವಣ ಕರೆಯಿಂದ ಹೊರಟು, ಕಷ್ಟ ಬಂದಾಗ ಹಿಂದಿರುಗುತ್ತಿದ್ದರು. 1888ರಲ್ಲಿ ನಾನ್ಸೆನ್ನರು ಐದು ಮಂದಿ ಸಂಗಾತಿಗಳೊಡನೆ ಜನವಸತಿ ಬಹಳ ವಿರಳವಾದ ಮೂಡಣ ಕರೆಯಿಂದಲೇ ಹೊರಟರು. ಹಿಂದೆ ಊರೂ ಇಲ್ಲ, ಅನ್ನವೂ ಇಲ್ಲ. ಬದುಕಬೇಕಾದರೆ ಮುಂದಕ್ಕೇ ಹೋಗಬೇಕು. ಹೀಗೆ ತಮ್ಮ ದಾರಿಯನ್ನು ತಾವೇ ಮುಚ್ಚಿಕೊಂಡು ನಡೆದು, ಆರು ಮಂದಿಯೂ ಕ್ಷೇಮವಾಗಿ ಪಡುವಣ ಕರೆಗೆ ಮುಟ್ಟಿದರು.

1881ರಲ್ಲಿ ಸೈಬೀರಿಯದ ಬಡಗಣ ಸಮುದ್ರದಲ್ಲಿ ಒಂದು ಹಡಗು ಮಂಜುಗಡ್ಡೆಗೆ ಸಿಕ್ಕಿ ಮುಳುಗಿತ್ತು. ಅದರ ಸಾಮಾನುಗಳು ಮೂರು ವರುಷಗಳ ಮೇಲೆ ಗ್ರೀನ್‌ಲೆಂಡಿನ ಕರೆಯಲ್ಲಿ ದೊರೆತವು. ಹಾಗಾದರೆ ಆ ಮಂಜುಗಡ್ಡೆಯೇ ಒಂದು ಹಡಗನ್ನು ಉತ್ತರ ಧ್ರುವದ ಕಡೆಗೆ ಹೊತ್ತುಕೊಂಡು ಹೋಗಲಾರದೇ ಎಂದು ಇವರು ಯೋಚಿಸಿದರು. ಅನುಭವಸ್ಥರನೇಕರು ಇದನ್ನು ಹುಚ್ಚು ಮಾತೆಂದು ತಳ್ಳಿಬಿಟ್ಟರು. ಇವರಾದರೋ ಪಕ್ಕಗಳು ಗುಂಡಾಗಿರುವ ಫ್ರಾಮ್ ಎಂಬ ಹಡಗನ್ನು ಕಟ್ಟಿಸಿದರು. ಮಂಜುಗಡ್ಡೆಯು ಒತ್ತಿದಾಗ ಅದು ಒಡೆಯದೆ ಮೇಲಕ್ಕೇಳುವದು. 1893ರಲ್ಲಿ ಹನ್ನೆರಡು ಮಂದಿಯೊಡನೆ ಅದನ್ನೇರಿ ಹೊರಟರು.

ಹಡಗು ಎಣಿಸಿದಷ್ಟು ಬಡಗಲಿಗೆ ಸಾಗದೆ ಇದ್ದದರಿಂದ 1895ರ ಮಾರ್ಚಿಯಲ್ಲಿ ನಾನ್ಸೆನ್ನರೂ ಯೋಹಾನ್ಸೆನ್ ಎಂಬವರೂ 28 ನಾಯಿಗಳೊಡನೆ ಜಾರುಬಂಡಿಗಳಲ್ಲಿ ಮುಂದರಿದರು. ಅಂದಿನ ವರೆಗೆ ಯಾರೂ ಕಾಲಿಡದ 86 ಅಂಶ 14 ಕಲೆಗಳ ಅಕ್ಷಾಂಶಕ್ಕೆ ಮುಟ್ಟಿ, ಧ್ರುವವನ್ನು ಕಾಣದೆಯೇ ತಿರುಗಿದರು. ಒಂದು ನಿರ್ಜನ ದ್ವೀಪದಲ್ಲಿ ಕಲ್ಲಿನ ಗುಡಿಸಲು ಕಟ್ಟಿ, ಕಡಲಮೃಗದ ತೊಗಲನ್ನು ಹೊದಿಸಿ, ಕರಡಿಯ ಮಾಂಸವನ್ನು ತಿಂದು ಚಳಿಗಾಲವನ್ನು ಕಳೆದರು. ಅಲ್ಲಿಂದ ಹೊರಟ ಮೇಲೆ ಒಂದು ದಿನ ಅವರ ದೋಣಿಗಳು ಆಹಾರ ಆಯುಧಗಳ ಸಹಿತ ತೇಲಿಹೋದವು. ನಾನ್ಸೆನ್ನರು ಆ ಕೊರೆಯುವ ನೀರಿಗೆ ಹಾರಿ, ಮೈ ಮರಗಟ್ಟುತ್ತಿರುವಾಗ ಈಜಿ ಅವನ್ನು ಹಿಡಿದು ತಂದರು. 1896ರಲ್ಲಿ ಅವರು ಸ್ವದೇಶಕ್ಕೆ ಬಂದ ಕೆಲವೇ ದಿನಗಳಲ್ಲಿ ಫ್ರಾಮ್ ಹಡಗೂ ಬಂತು. ಹದಿಮೂರು ಮಂದಿಯಲ್ಲಿ ಒಬ್ಬನೂ ನಷ್ಟವಾಗಿರಲಿಲ್ಲ. ಈ ಯಾತ್ರೆಯನ್ನು ಕುರಿತು ಅವರು ಬರೆದ ಪುಸ್ತಕವು ಅನೇಕ ದೇಶಗಳಲ್ಲಿ ಓದಲ್ಪಟ್ಟಿತು.

ನಾರ್ವೇ ಆಗ ಸ್ವೀಡನಿನ ಅರಸನ ಕೈಕೆಳಗಿತ್ತು. 1905ರಲ್ಲಿ ಅದು ಯುದ್ಧವಿಲ್ಲದೆ ಸ್ವತಂತ್ರವಾಗುವಂತೆ ಇವರು ಬಹಳವಾಗಿ ಪ್ರಯಾಸಪಟ್ಟು, ಡೆನ್ಮಾರ್ಕಿನ ರಾಜಪುತ್ರನನ್ನು ಅರಸುತನಕ್ಕೆ ಒಡಂಬಡಿಸಿದರು. ದಕ್ಷಿಣ ಧ್ರುವಕ್ಕೆ ಫ್ರಾಮ್ ಹಡಗಿನಲ್ಲಿ ತಾವೇ ಹೋಗಬೇಕೆಂಬ ಆಶೆ ಇವರಿಗಿತ್ತು. ಆದರೂ ಅದನ್ನು ಅಮುಂಡ್ಸೆನ್ ಎಂಬ ಕಿರಿಯ ಯಾತ್ರಿಕರಿಗೆ ಬಿಟ್ಟುಕೊಟ್ಟರು. 1911ರಲ್ಲಿ ಆ ಧ್ರುವವನ್ನು ಮೊದಲು ಮುಟ್ಟಿದ ಕೀರ್ತಿ ಅಮುಂಡ್ಸೆನ್ನರಿಗೇ ದೊರಕಿತು.

ಮಹಾಯುದ್ಧವು 1918ರಲ್ಲಿ ಮುಗಿದರೂ ಲಕ್ಷಾಂತರ ಸೆರೆಯಾಳುಗಳು ಪರದೇಶಗಳಲ್ಲೇ ಸೊರಗುತ್ತಿದ್ದರು. 1920ರಲ್ಲಿ ರಾಷ್ಟ್ರಸಂಘವು ಈ ಭಾರವನ್ನು ನಾನ್ಸೆನ್ನರಿಗೆ ಒಪ್ಪಿಸಲು, ಅವರು ಎರಡು ವರುಷಗಳಲ್ಲಿ ನಾಲ್ಕು ಲಕ್ಷಕ್ಕೆ ಮಿಕ್ಕಿ ಸೆರೆಯಾಳುಗಳನ್ನು ಮನೆಗೆ ಮುಟ್ಟಿಸಿದರು. 1921ರಲ್ಲಿ ರಷ್ಯದಲ್ಲಿ ಘೋರವಾದ ಕ್ಷಾಮ ಬಂದಾಗ ಸರಕಾರಗಳು ಅವರ ಬೇಡಿಕೆಗೆ ಕಿವಿಗೊಡಲಿಲ್ಲ. ಅಲ್ಲಿಯ ದೊರೆತನಕ್ಕೆ ಸಹಾಯಮಾಡುತ್ತಾರೆಂದು ಕೆಲವರು ದೂರಿದರು. ಅವರು ಕುಗ್ಗದೆ ಊರೂರು ತಿರುಗಿ ಹಸಿದವರಿಗಾಗಿ ಹಣ ಬೇಡಿದರು. ರಷ್ಯದಿಂದ ಓಡಿಬಂದವರಿಗೆ ದೇಶವೂ ಇಲ್ಲ, ತಾವು ಯಾರೆಂದು ತೋರಿಸುವ ಪತ್ರವೂ ಇಲ್ಲದೆ, ಗಡಿ ದಾಟುವದಕ್ಕೂ ಕೆಲಸ ಹುಡುಕುವದಕ್ಕೂ ಆಗುತ್ತಿರಲಿಲ್ಲ. ಇಂಥವರಿಗಾಗಿ 1922ರಲ್ಲಿ ಒಂದು ರಹದಾರಿ ಪತ್ರವನ್ನು ಏರ್ಪಡಿಸಿದರು. ಅದಕ್ಕೆ ನಾನ್ಸೆನ್ ಪಾಸ್‌ಪೋರ್ಟ್ ಎಂದೇ ಹೆಸರಾಯಿತು. ಐವತ್ತಕ್ಕೆ ಮಿಕ್ಕಿದ ಸರಕಾರಗಳು ಅದನ್ನು ಮಾನ್ಯಮಾಡಿದವು. ಅದೇ ವರುಷ ದೊರೆತ ನೊಬೆಲ್ ಶಾಂತಿ ಬಹುಮಾನದ ಹಣವನ್ನು ಅವರು ದುಃಖಿತರಿಗಾಗಿಯೇ ಕೊಟ್ಟುಬಿಟ್ಟರು.

1930ನೆಯ ಮೇ 13ರಂದು ಅವರು ತಮ್ಮ ಮನೆಯಲ್ಲಿ ತೀರಿಕೊಂಡರು.

ಓದುಗರೇ, ಯೌವನದಲ್ಲಿ ತಾನು ಹಿಂದಿರುಗುವ ದಾರಿಯನ್ನು ತಾನೇ ಮುಚ್ಚಿಕೊಂಡ ಈ ಮನುಷ್ಯನು ಮುಪ್ಪಿನಲ್ಲಿ ದಾರಿಗಾಣದವರಿಗೆ ದಾರಿ ತೆರೆದನು. ಧ್ರುವವು ಅವನಿಗೆ ಸಿಕ್ಕಲಿಲ್ಲ. ಆದರೆ ಅವನಿಂದ ಎಷ್ಟೋ ತಾಯಂದಿರಿಗೆ ಮಕ್ಕಳು ತಿರುಗಿ ಸಿಕ್ಕಿದರು.