ಕೆಲಸ ಬಿಟ್ಟವನಿಗೆ ಕಂಡ ಕಾವಲುಗಾರ

ಬೆರಳಿಗೆ ಮುಳ್ಳು ಚುಚ್ಚಿ ಒಳಗೇ ಮುರಿದುಕೊಂಡರೆ ಏನಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಆ ಜಾಗ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿ, ಜೊತೆಗೆ ನೋವು. ಎರಡು ದಿನ ಹಾಗೇ ಬಿಟ್ಟರೆ ಕೀವು. ಇದೇ ಉರಿಯೂತ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್‌ನ ಸೆಲ್ಸಸ್ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದ. ಆದರೂ 19ನೇ ಶತಮಾನ ಮುಗಿಯುತ್ತ ಬಂದಾಗಲೂ ಹೆಚ್ಚಿನ ವೈದ್ಯರು ಉರಿಯೂತವನ್ನು ದೇಹಕ್ಕೆ ತಗಲಿದ ಕೇಡೆಂದೇ ಎಣಿಸಿದ್ದರು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಹೊತ್ತೊಯ್ದು ಮೈಯೆಲ್ಲ ಹರಡುತ್ತವೆ ಎಂಬುದು ಆ ಕಾಲದ ನಂಬಿಕೆ.

ಇದು ದೇಹ ತನ್ನ ಉಳಿವಿಗಾಗಿ ಹೂಡುವ ಕಾಳಗ ಎಂದು ತೋರಿಸಿಕೊಟ್ಟವನು ಒಬ್ಬ ಪ್ರಾಣಿಶಾಸ್ತ್ರಜ್ಞ. ಆತನ ಬಳಿ ವೈದ್ಯ ಪದವಿ ಇರಲಿಲ್ಲ. ಆ ಹೊತ್ತಿಗೆ ಕೆಲಸವೂ ಇರಲಿಲ್ಲ. ಹೆಸರು ಇಲ್ಯಾ ಮೆಚ್ನಿಕಾಫ್.

ಬಿಇ ಓದುತ್ತಿರುವ ನನಗೆ ಈತ ಸಿಕ್ಕಿದ್ದು ಜೀವಶಾಸ್ತ್ರದ ನೋಟ್ಸ್‌ನ ಒಂದೇ ಸಾಲಿನಲ್ಲಿ. ಭಕ್ಷಕ ಕೋಶಗಳ ಸಂಶೋಧಕ, 1908ರ ನೊಬೆಲ್ ವಿಜೇತ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಸಾಲಿನ ಹಿಂದಿನ ಬದುಕನ್ನು ಹುಡುಕಿ ಓದಿದ ಮೇಲೆ ಅದನ್ನು ನನ್ನ ವಯಸ್ಸಿನವರಿಗೆ ಹೇಳಲೇಬೇಕು ಅನ್ನಿಸಿತು.

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಉಕ್ರೇನಿಗೆ ಸೇರಿದ ಖಾರ್ಕಿವ್ ಸೀಮೆಯ ಹಳ್ಳಿಯಲ್ಲಿ. ತಂದೆ ಸೈನ್ಯದ ಅಧಿಕಾರಿ. ಐವರು ಮಕ್ಕಳಲ್ಲಿ ಈತನೇ ಕಿರಿಯ. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದ. ಜರ್ಮನಿ, ಇಟಲಿಗಳಿಗೆ ಹೋಗಿ ಸಮುದ್ರದ ಸಣ್ಣ ಜೀವಿಗಳು ಮೊಟ್ಟೆಯಿಂದ ಹೇಗೆ ಬೆಳೆಯುತ್ತವೆ ಎಂದು ಸೂಕ್ಷ್ಮದರ್ಶಕದಡಿ ನೋಡುತ್ತ ಕುಳಿತ. 1867ರಲ್ಲಿ ಡಾಕ್ಟರೇಟ್ ಬಂತು. 22ನೇ ವಯಸ್ಸಿಗೆ ಒಡೆಸ್ಸಾದ ಹೊಸ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದಾಗ, ಕೆಲವು ವಿದ್ಯಾರ್ಥಿಗಳು ಮೇಷ್ಟರಿಗಿಂತ ದೊಡ್ಡವರಿದ್ದರಂತೆ.

ಇಲ್ಲಿಯವರೆಗೆ ಓದಿದರೆ ರ‍್ಯಾಂಕ್ ವಿದ್ಯಾರ್ಥಿಯ ಕತೆ. ಮುಂದಿನದು ಹಾಗಿಲ್ಲ.

1869ರಲ್ಲಿ ಆತ ಲುಡ್ಮಿಲಾ ಎಂಬಾಕೆಯನ್ನು ಮದುವೆಯಾದ. ಆಕೆಗೆ ಕ್ಷಯ. ಮದುವೆಯ ದಿನ ನಡೆಯಲೂ ಶಕ್ತಿಯಿಲ್ಲದೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಬೆಚ್ಚನೆಯ ಹವೆಯಲ್ಲಿ ಇಟ್ಟರೆ ಗುಣವಾಗಬಹುದೆಂಬ ಆಸೆಯಷ್ಟೇ. ನಾಲ್ಕು ವರ್ಷ ಆಕೆಯ ಚಿಕಿತ್ಸೆಗಾಗಿ ದುಡಿದ, ಅಲೆದ. 1873ರ ಏಪ್ರಿಲ್‌ನಲ್ಲಿ ಮಡೈರಾ ದ್ವೀಪದಲ್ಲಿ ಲುಡ್ಮಿಲಾ ತೀರಿಕೊಂಡಳು. ಮೆಚ್ನಿಕಾಫ್‌ಗೆ ಆಗ 27 ವರ್ಷ. ಕಣ್ಣುಗಳ ತೊಂದರೆಯಿಂದ ಸೂಕ್ಷ್ಮದರ್ಶಕವೂ ದೂರವಾಗಿತ್ತು. ಬದುಕು ಸಾಕೆನಿಸಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಹೇಗೋ ಉಳಿದ.

ಎರಡು ವರ್ಷಗಳ ನಂತರ ಓಲ್ಗಾಳನ್ನು ಮದುವೆಯಾದ. ಕೊನೆಯವರೆಗೂ ಜೊತೆಗಿದ್ದು, ಮುಂದೆ ಆತನ ಜೀವನಚರಿತ್ರೆ ಬರೆದವಳು ಈಕೆಯೇ. 1880ರಲ್ಲಿ ಓಲ್ಗಾಳಿಗೆ ವಿಷಮಶೀತ ಜ್ವರ ಬಂತು. ಆಕೆ ಗುಣಮುಖಳಾದಳು, ಆದರೆ ಈತನ ಮನಸ್ಸು ಮತ್ತೆ ಕುಸಿಯಿತು. 1881ರಲ್ಲಿ ಇನ್ನೊಮ್ಮೆ ಸಾವಿನ ಅಂಚಿಗೆ ಹೋದ, ಮತ್ತೆ ಬದುಕಿದ. ಅದೇ ವರ್ಷ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನ ಹತ್ಯೆಯಾಗಿ, ವಿಶ್ವವಿದ್ಯಾಲಯಗಳಲ್ಲಿ ರಾಜಕೀಯದ ಬಿಗಿ ಹೆಚ್ಚಿತು. 1882ರಲ್ಲಿ ಮೆಚ್ನಿಕಾಫ್ ಪ್ರೊಫೆಸರ್ ಹುದ್ದೆಗೆ ರಾಜೀನಾಮೆ ಕೊಟ್ಟ. ವಯಸ್ಸು 37. ಓಲ್ಗಾಳಿಗೆ ತವರಿನಿಂದ ಬಂದ ಆಸ್ತಿಯ ಆಸರೆಯಲ್ಲಿ, ಆಕೆಯ ತಮ್ಮ ತಂಗಿಯರನ್ನೂ ಕರೆದುಕೊಂಡು ಸಂಸಾರ ಸಿಸಿಲಿಯ ಮೆಸಿನಾಕ್ಕೆ ಹೊರಟಿತು. ಎದುರಿಗೇ ಸಮುದ್ರವಿದ್ದ ಮನೆ. ಕೂರುವ ಕೋಣೆಯಲ್ಲೇ ಪ್ರಯೋಗಾಲಯ.

ಒಂದು ದಿನ ಮನೆಯವರೆಲ್ಲ ಸರ್ಕಸ್‌ನಲ್ಲಿ ವಾನರಗಳ ಆಟ ನೋಡಲು ಹೋಗಿದ್ದರು. ಈತ ಒಬ್ಬನೇ ಕುಳಿತು ನಕ್ಷತ್ರ ಮೀನಿನ ಲಾರ್ವಾಗಳನ್ನು ನೋಡುತ್ತಿದ್ದ. ಅವುಗಳ ಮೈ ಗಾಜಿನಂತೆ ಪಾರದರ್ಶಕ. ಒಳಗೆ ಕೆಲವು ಕೋಶಗಳು ಅತ್ತಿಂದಿತ್ತ ತೆವಳುತ್ತ ಓಡಾಡುವುದು ಕಾಣುತ್ತಿತ್ತು. ಇಂಥ ಕೋಶಗಳು ಆಹಾರದ ಕಣಗಳನ್ನು ನುಂಗುವುದನ್ನು ಆತ ಮೊದಲೇ ಕಂಡಿದ್ದ. ಹೊರಗಿನಿಂದ ಶತ್ರು ನುಗ್ಗಿದರೆ ಅದನ್ನೂ ಇವು ನುಂಗಬಹುದಲ್ಲವೇ ಎಂಬ ಪ್ರಶ್ನೆ ಮೂಡಿತು. ಹಾಗಿದ್ದರೆ ಮೈಗೆ ಮುಳ್ಳು ಹೊಕ್ಕಾಗ ಇವು ಅದರ ಸುತ್ತ ಸೇರಬೇಕು. ತೋಟಕ್ಕೆ ಹೋಗಿ ಗುಲಾಬಿ ಮುಳ್ಳುಗಳನ್ನು ಕಿತ್ತು ತಂದ. ಲಾರ್ವಾಗಳ ಮೈಗೆ ಚುಚ್ಚಿಟ್ಟ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ನೋಡಿದರೆ ಎಣಿಸಿದಂತೆಯೇ ಆಗಿತ್ತು. ತೆವಳುವ ಕೋಶಗಳು ಮುಳ್ಳನ್ನು ಸುತ್ತುಗಟ್ಟಿದ್ದವು.

ಇಷ್ಟರಲ್ಲಿ ಏನು ದೊಡ್ಡದು ಎಂದು ಮೊದಲು ನನಗೂ ಅನ್ನಿಸಿತ್ತು. ವಿಷಯ ಇರುವುದು ಇಲ್ಲಿ. ಉರಿಯೂತವೆಂದರೆ ರಕ್ತನಾಳಗಳಿಗೆ ಆಗುವ ಹಾನಿ, ಹಾನಿಗೊಂಡ ನಾಳದಿಂದ ಬಿಳಿ ಕಣಗಳು ಹೊರಕ್ಕೆ ಸೋರುತ್ತವೆ ಎಂಬುದು ಆಗಿನ ವಿವರಣೆ. ನಕ್ಷತ್ರ ಮೀನಿನ ಲಾರ್ವಾದಲ್ಲಿ ರಕ್ತನಾಳವೇ ಇಲ್ಲ. ಆದರೂ ಕೋಶಗಳು ಬಂದವು. ಅಂದರೆ ಅವು ಸೋರಿ ಬಿದ್ದವುಗಳಲ್ಲ, ಬೇಕೆಂದೇ ಬಂದವುಗಳು. ಕೆಂಪು, ಊತ, ಬಿಸಿ, ನೋವು ಇವೆಲ್ಲ ಆ ಕಾವಲು ಪಡೆ ಓಡಿಬರುವಾಗ ಆಗುವ ಗದ್ದಲ. ಒಂದು ಮುಳ್ಳು, ಒಂದು ಸೂಕ್ಷ್ಮದರ್ಶಕ, ಸರಿಯಾಗಿ ಆರಿಸಿಕೊಂಡ ಒಂದು ಪ್ರಾಣಿ. ಖರ್ಚಿಲ್ಲದೆ ಇಷ್ಟು ಖಚಿತ ಉತ್ತರ ಪಡೆದ ಪ್ರಯೋಗವನ್ನು ನಾನು ಬೇರೆಲ್ಲೂ ಓದಿಲ್ಲ.

ಆಗಿನ ರೋಗಶಾಸ್ತ್ರದ ದೊಡ್ಡ ಹೆಸರು ರುಡಾಲ್ಫ್ ವಿರ್ಶೋ ಮೆಸಿನಾಕ್ಕೆ ಬಂದಾಗ ಮೆಚ್ನಿಕಾಫ್ ಇದನ್ನು ತೋರಿಸಿದ. ಆತ ಮೆಚ್ಚಿದ, ಜೊತೆಗೆ ವೈದ್ಯಲೋಕ ಇದಕ್ಕೆ ವಿರುದ್ಧವಾದದ್ದನ್ನೇ ನಂಬಿದೆ, ಹುಷಾರಾಗಿ ಹೆಜ್ಜೆ ಇಡು ಎಂದೂ ಎಚ್ಚರಿಸಿದ. ವಿಯೆನ್ನಾದಲ್ಲಿ ಕಾರ್ಲ್ ಕ್ಲಾಸ್ ಎಂಬ ಪ್ರೊಫೆಸರ್ ಈ ಕೋಶಗಳಿಗೆ ಗ್ರೀಕ್ ಮೂಲದ ಫ್ಯಾಗೋಸೈಟ್ ಎಂಬ ಹೆಸರು ಸೂಚಿಸಿದ. ಭಕ್ಷಕ ಕೋಶ ಎಂದರ್ಥ. ಮುಂದೆ ಮೆಚ್ನಿಕಾಫ್ ಇವುಗಳಲ್ಲಿ ಎರಡು ಬಗೆಗಳನ್ನು ಗುರುತಿಸಿದ. ಚಿಕ್ಕವು ಮೈಕ್ರೋಫೇಜ್, ಇಂದು ನಾವು ನ್ಯೂಟ್ರೋಫಿಲ್ ಎನ್ನುವ ಕಣಗಳು. ದೊಡ್ಡವು ಮ್ಯಾಕ್ರೋಫೇಜ್. ಈ ಎರಡನೆಯ ಹೆಸರು ಇಂದಿಗೂ ಹಾಗೇ ಉಳಿದಿದೆ.

1884ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇನ್ನಷ್ಟು ಗಟ್ಟಿ ಪುರಾವೆ ಇತ್ತು. ಡಾಫ್ನಿಯಾ ಎಂಬ ಪುಟ್ಟ ನೀರುಚಿಗಟದ ಮೈಯೂ ಪಾರದರ್ಶಕ. ಅದು ನುಂಗಿದ ಒಂದು ಬಗೆಯ ಶಿಲೀಂಧ್ರದ ಸೂಜಿಯಂಥ ಬೀಜಕಗಳು ಕರುಳನ್ನು ತೂರಿ ಒಳಗೆ ಹೋಗುತ್ತವೆ. ಭಕ್ಷಕ ಕೋಶಗಳು ಅವನ್ನು ಸುತ್ತುವರಿದು ಕರಗಿಸಿದರೆ ಡಾಫ್ನಿಯಾ ಬದುಕುತ್ತದೆ. ಅವು ತಪ್ಪಿಸಿಕೊಂಡು ಮೊಳೆತರೆ ಸಾಯುತ್ತದೆ. ರೋಗ ಮತ್ತು ಆರೋಗ್ಯದ ನಡುವಿನ ಹೋರಾಟವನ್ನು ಆತ ಕಣ್ಣಾರೆ ನೋಡಿ ಬರೆದ.

ಕೆಲಸದ ಕತೆ ಮಾತ್ರ ಸುಲಭವಾಗಲಿಲ್ಲ. 1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಕೊಡುವ ಕೇಂದ್ರ ತೆರೆದಾಗ ಈತನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ವೈದ್ಯನಲ್ಲದವನಿಗೆ ಇಲ್ಲೇನು ಕೆಲಸ ಎಂಬ ಮಾತು ಬಂತು. ಬೇರೆ ಜಾಗ ಹುಡುಕುತ್ತ ಯುರೋಪ್ ಸುತ್ತಿದ. ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಈತನ ವಿಚಾರಕ್ಕೆ ಸೊಪ್ಪು ಹಾಕಲಿಲ್ಲ. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಆದರದಿಂದ ಬರಮಾಡಿಕೊಂಡು, ತನ್ನ ಹೊಸ ಸಂಸ್ಥೆಯಲ್ಲಿ ಪ್ರಯೋಗಾಲಯವನ್ನೇ ಕೊಟ್ಟ. 1888ರಲ್ಲಿ ಅಲ್ಲಿ ಸೇರಿದವನು ಸಾಯುವವರೆಗೂ ಬಿಡಲಿಲ್ಲ.

ಅದೇ ವರ್ಷ ಆತ ಬರೆದದ್ದು ಕ್ಷಯದ ಗಂಟುಗಳಲ್ಲಿರುವ ದೈತ್ಯ ಕೋಶಗಳ ಬಗ್ಗೆ. ಅವೂ ರೋಗಾಣುಗಳನ್ನು ನುಂಗುವ ಭಕ್ಷಕಗಳೇ ಎಂಬುದು ಆತನ ವಾದ. ಲುಡ್ಮಿಲಾ ತೀರಿಕೊಂಡು ಆಗ 15 ವರ್ಷ ಕಳೆದಿತ್ತು.

1890ರಲ್ಲಿ ಬೆರಿಂಗ್ ಮತ್ತು ಕಿತಾಸಾಟೊ, ಡಿಫ್ತೀರಿಯಾ ಮತ್ತು ಧನುರ್ವಾಯುವಿನ ವಿಷವನ್ನು ರಕ್ತದ ಸೀರಮ್ಮೇ ನಿಷ್ಕ್ರಿಯಗೊಳಿಸುತ್ತದೆ ಎಂದು ತೋರಿಸಿದರು. ರಕ್ಷಣೆ ಇರುವುದು ರಕ್ತದ ದ್ರವದಲ್ಲಿ, ಕೋಶಗಳಲ್ಲಿ ಅಲ್ಲ ಎಂದು ಜರ್ಮನ್ ವಿಜ್ಞಾನಿಗಳು ಪಟ್ಟು ಹಿಡಿದರು. ಮೆಚ್ನಿಕಾಫ್ ಪ್ರತಿಯೊಂದು ಆಕ್ಷೇಪಕ್ಕೂ ಹೊಸ ಪ್ರಯೋಗ ಮಾಡಿ ಉತ್ತರ ಕೊಡುತ್ತ ಹೋದ. 1891ರಲ್ಲಿ ಕೀಳು ಜೀವಿಗಳಿಂದ ಮನುಷ್ಯನವರೆಗೆ ಉರಿಯೂತ ಹೇಗೆ ಬೆಳೆದು ಬಂತು ಎಂದು ಉಪನ್ಯಾಸಮಾಲೆ ಕೊಟ್ಟ. 1903ರಲ್ಲಿ ಲಂಡನ್ನಿನ ಆಲ್ಮ್‌ರಾತ್ ರೈಟ್ ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ ಎಂದು ತೋರಿಸಿದ. ರಕ್ತದ ದ್ರವದಲ್ಲಿರುವ ಅಂಶಗಳು ರೋಗಾಣುವಿಗೆ ಅಂಟಿಕೊಂಡರೆ ಭಕ್ಷಕ ಕೋಶಗಳು ಅದನ್ನು ಬೇಗ ನುಂಗುತ್ತವೆ. ಮುದ್ದೆಗೆ ಸಾರು ಸೇರಿದಂತೆ. 1908ರ ನೊಬೆಲ್ ಪ್ರಶಸ್ತಿಯನ್ನು ಭಕ್ಷಕ ಕೋಶದ ಮೆಚ್ನಿಕಾಫ್ ಮತ್ತು ಪ್ರತಿಕಾಯಗಳ ಪಾಲ್ ಎರ್ಲಿಕ್ ಹಂಚಿಕೊಂಡರು.

ನಮ್ಮ ನಾಡಿಗೂ ಈತನಿಂದ ಒಂದು ಎಳೆ ಬಂದು ಸೇರುತ್ತದೆ. ಒಡೆಸ್ಸಾದಲ್ಲಿ ಈತನ ಶಿಷ್ಯನಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್‌ಗೆ ಗುರುವಿನ ನೆರವಿನಿಂದ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಸಣ್ಣ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಸಂಶೋಧನೆ ಮಾಡಿ ಆತ ಕಾಲರಾ ಲಸಿಕೆ ರೂಪಿಸಿದ. 1893ರಲ್ಲಿ ಭಾರತಕ್ಕೆ ಬಂದ. 1897ರ ಜನವರಿಯಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಪ್ಲೇಗ್ ಹಬ್ಬಿದ ಹುಬ್ಬಳ್ಳಿಯಲ್ಲಿ ಜನರಿಗೆ ಕೊಟ್ಟದ್ದು ಅದೇ ಲಸಿಕೆ.

ಇಳಿವಯಸ್ಸಿನಲ್ಲಿ ಮೆಚ್ನಿಕಾಫ್‌ನ ಗಮನ ಮುಪ್ಪಿನ ಕಡೆ ತಿರುಗಿತು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ವಿಷದಿಂದ ದೇಹದ ಕೋಶಗಳು ಬಲಗುಂದುತ್ತವೆ, ಆಗ ಮ್ಯಾಕ್ರೋಫೇಜ್‌ಗಳು ಅವುಗಳ ಮೇಲೇ ಬೀಳುತ್ತವೆ ಎಂದು ಊಹಿಸಿದ. ಇದಕ್ಕೆ ಮದ್ದು ಹುಳಿ ಮೊಸರು ಎಂದು ತಾನೂ ದಿನಾ ಕುಡಿದ, ಯುರೋಪಿಗೂ ಮೊಸರಿನ ಹುಚ್ಚು ಹಿಡಿಸಿದ. ಕೂದಲು ನರೆಯುವುದೂ ಭಕ್ಷಕ ಕೋಶಗಳು ಬಣ್ಣ ತಿನ್ನುವುದರಿಂದಲೇ ಎಂದ. ಆ ವಿವರಣೆ ನಿಲ್ಲಲಿಲ್ಲ. ಆದರೆ ಕಾಯುವ ಕೋಶವೇ ಕೊಲ್ಲಲೂ ಬಲ್ಲದು ಎಂಬ ಮೂಲ ಸಂಶಯ ನಿಜವಾಯಿತು.

ಇಂದು ಮ್ಯಾಕ್ರೋಫೇಜ್‌ಗಳು ಶ್ವಾಸಕೋಶ, ಯಕೃತ್ತು, ಮಿದುಳು ಹೀಗೆ ಬಹುತೇಕ ಎಲ್ಲ ಅಂಗಗಳಲ್ಲೂ ಇವೆ ಎಂದು ಗೊತ್ತಿದೆ. ಹಳೆಯ ಕೆಂಪು ರಕ್ತಕಣಗಳನ್ನು ಸೆಕೆಂಡಿಗೆ ಸುಮಾರು 20 ಲಕ್ಷದಂತೆ ತೆರವುಗೊಳಿಸುವುದು ಅವೇ. ಗಾಯವಾದಾಗ ಸಂಕೇತ ಕಳಿಸಿ ಇತರ ಕಣಗಳನ್ನು ಕರೆಯುವುದೂ, ಕಾಳಗ ಮುಗಿದ ಮೇಲೆ ಸತ್ತ ಕಣಗಳನ್ನು ನುಂಗಿ ರಿಪೇರಿ ಶುರು ಮಾಡುವುದೂ ಅವೇ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ ಆನ್ ಸ್ವಿಚ್ಚು, ಆಫ್ ಸ್ವಿಚ್ಚು ಎರಡೂ ಒಂದೇ ಕೈಯಲ್ಲಿವೆ. ಆಫ್ ಆಗದಿದ್ದರೆ ಕಷ್ಟ. ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟರಾಲ್ ತಿಂದು ತಿಂದು ಉಬ್ಬಿದ ಮ್ಯಾಕ್ರೋಫೇಜ್‌ಗಳೇ ಹೃದಯಾಘಾತಕ್ಕೆ ದಾರಿ ಮಾಡುವ ಗಡ್ಡೆಯ ಭಾಗವಾಗುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಅವು ಸುರಿಸುವ ಟಿಎನ್‌ಎಫ್ ಎಂಬ ಸಂಕೇತ ಕೀಲುಗಳನ್ನು ಹಾಳುಮಾಡುತ್ತದೆ. ಅದನ್ನು ತಡೆಯುವ ಔಷಧಿಗಳು 1990ರ ದಶಕದ ಕೊನೆಗೆ ಬಂದವು. ತೀವ್ರ ಕೋವಿಡ್‌ನಲ್ಲಿ ಡೆಕ್ಸಾಮೆಥಾಸೋನ್ ಕೊಟ್ಟದ್ದೂ ಮಿತಿಮೀರಿದ ಉರಿಯೂತವನ್ನು ತಗ್ಗಿಸಲಿಕ್ಕೇ.

ಇನ್ನು ಕ್ಷಯ. ಮ್ಯಾಕ್ರೋಫೇಜ್ ಅದರ ರೋಗಾಣುವನ್ನು ನುಂಗುತ್ತದೆ, ನಿಜ. ಆದರೆ ಆ ರೋಗಾಣು ತನ್ನನ್ನು ಜೀರ್ಣಿಸುವ ರಸ ಬಂದು ಸೇರದಂತೆ ತಡೆದು, ಕಾವಲುಗಾರನ ಹೊಟ್ಟೆಯಲ್ಲೇ ಮನೆ ಮಾಡಿಕೊಳ್ಳುತ್ತದೆ. ಲುಡ್ಮಿಲಾಳ ಎದೆಯೊಳಗೆ ನಡೆದದ್ದು ಇದೇ. ಅದನ್ನು ಬಿಡಿಸಿ ಹೇಳುವ ವಿಜ್ಞಾನ ಬೆಳೆದದ್ದು, ಆಕೆಯ ಸಾವಿನಲ್ಲಿ ತಾನೂ ಮುಳುಗಿಹೋಗಬೇಕಿದ್ದ ಗಂಡ ಹಾಕಿದ ಬುನಾದಿಯ ಮೇಲೆ.

ಮೆಚ್ನಿಕಾಫ್ 1916ರ ಜುಲೈನಲ್ಲಿ, ಮೊದಲ ಮಹಾಯುದ್ಧದ ನಡುವೆ, 71ನೇ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡ. ಆತನ ಚಿತಾಭಸ್ಮ ಇಂದಿಗೂ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಬರದವರು, ವರ್ಷಗಟ್ಟಲೆ ಕೆಪಿಎಸ್‌ಸಿ ಫಲಿತಾಂಶಕ್ಕೆ ಕಾದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಓಲ್ಗಾಳ ಆಸ್ತಿಯಂಥ ಆಸರೆ ಎಲ್ಲರಿಗೂ ಇರುವುದಿಲ್ಲ ಎಂಬುದೂ ನಿಜ. ಎಲ್ಲ ಸರಿಹೋಗುತ್ತದೆ ಎಂದು ಭರವಸೆ ಕೊಡುವಷ್ಟು ದೊಡ್ಡ ವಯಸ್ಸು ನನ್ನದಲ್ಲ. ಆದರೆ ಒಂದು ಲೆಕ್ಕ ಮಾತ್ರ ಮಾಡಬಲ್ಲೆ. 27ನೇ ವಯಸ್ಸಿನಲ್ಲಿ ಎಲ್ಲ ಮುಗಿಯಿತು ಅಂದುಕೊಂಡವನ ಮುಂದೆ ಇನ್ನೂ 43 ವರ್ಷಗಳಿದ್ದವು. ಹುದ್ದೆ ಬಿಟ್ಟ ವರ್ಷದಲ್ಲೇ ಮುಳ್ಳಿನ ಪ್ರಯೋಗವಿತ್ತು. ಅಂಥ ಹೊತ್ತಿನಲ್ಲಿ ಇರುವ ಗೆಳೆಯರು ನಿಮ್ಮ ಹಾಸ್ಟೆಲ್ಲಿನಲ್ಲೂ ಇರಬಹುದು. ಸುಮ್ಮನೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಒಬ್ಬರ ಕೈಲಿ ಆಗದಿದ್ದರೆ ನಾಲ್ಕು ಜನ ಸೇರಿ. ಮುಳ್ಳು ಹೊಕ್ಕ ಕಡೆ ನಮ್ಮ ಕೋಶಗಳು ಮಾಡುವುದೂ ಅದನ್ನೇ.