ಮರ, ಗಾಳಿ, ನೆರಳಿನ ಶಿಲ್ಪಿ ಚಾರ್ಲ್ಸ್ ಗ್ರೀನ್

ಸೆಖೆ ಎಂದೊಡನೆ ನಮ್ಮ ಕೈ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತದೆ. ಆದರೆ ಮನೆಯೇ ತಂಪಾಗಿರುವಂತೆ ಕಟ್ಟಿದ ವಾಸ್ತುಶಿಲ್ಪಿಗಳೂ ಇದ್ದರು. ಅವರಲ್ಲಿ ಅಮೆರಿಕದ ಚಾರ್ಲ್ಸ್ ಸಮ್ನರ್ ಗ್ರೀನ್ ಒಬ್ಬರು.

ಚಾರ್ಲ್ಸ್ 1868ರಲ್ಲಿ ಒಹಾಯೊ ರಾಜ್ಯದಲ್ಲಿ ಜನಿಸಿದರು. ತಮ್ಮ ಹೆನ್ರಿ ಹುಟ್ಟಿದ್ದು 1870ರಲ್ಲಿ. ತಂದೆ ವೈದ್ಯರು. ಮನೆಯೊಳಗೆ ಬೆಳಕು ಮತ್ತು ಶುದ್ಧ ಗಾಳಿ ಇರಬೇಕೆಂಬ ಪಾಠ ಮಕ್ಕಳಿಗೆ ಅವರಿಂದಲೇ ಸಿಕ್ಕಿತು. ಸೇಂಟ್ ಲೂಯಿಸ್ ನಗರದ ಶಾಲೆಯಲ್ಲಿ ಸಹೋದರರು ಪುಸ್ತಕದ ಪಾಠದ ಜೊತೆಗೆ ಮರಗೆಲಸ, ಲೋಹದ ಕೆಲಸವನ್ನೂ ಕಲಿತರು. ಚಾರ್ಲ್ಸ್‌ಗೆ ಚಿತ್ರಕಾರನಾಗುವ ಆಸೆಯಿತ್ತು. ಆದರೂ ತಂದೆಯ ಇಚ್ಛೆಯಂತೆ ತಮ್ಮನೊಡನೆ ಎಂಐಟಿಯಲ್ಲಿ ವಾಸ್ತುಶಿಲ್ಪ ಓದಿದರು.

1893ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನದಲ್ಲಿದ್ದ ತಂದೆತಾಯಿಯನ್ನು ಕಾಣಲು ಇಬ್ಬರೂ ಹೊರಟರು. ದಾರಿಯಲ್ಲಿ ಷಿಕಾಗೋದ ವಿಶ್ವಮೇಳಕ್ಕೆ ಹೋದರು. ಜಪಾನ್ ಅಲ್ಲಿ ಕಟ್ಟಿಸಿದ್ದ ಮರದ ಮಂಟಪದಲ್ಲಿ ಮುಂಚಾಚಿದ ಮಾಡು, ಮುಚ್ಚಿಡದೆ ತೋರಿಸಿದ ತೊಲೆಗಳು, ತೋಟಕ್ಕೆ ತೆರೆದುಕೊಂಡ ಕೋಣೆಗಳು ಇದ್ದವು. ಚಾರ್ಲ್ಸ್ ಜಪಾನಿಗೆ ಎಂದೂ ಹೋಗಲಿಲ್ಲ. ಮೇಳಗಳಲ್ಲಿ, ಪುಸ್ತಕಗಳಲ್ಲಿ ನೋಡಿಯೇ ಕಲಿತರು. 1901ರಲ್ಲಿ ಮದುವೆಯಾಗಿ ಇಂಗ್ಲೆಂಡಿಗೆ ಹೋದಾಗ, ಯಂತ್ರಕ್ಕಿಂತ ಕೈಕೆಲಸಕ್ಕೆ ಬೆಲೆ ಕೊಡುವ ಕಲಾ ಚಳವಳಿಯ ಪರಿಚಯವೂ ಆಯಿತು. ಅಮೆರಿಕದಲ್ಲಿ ಅದೇ ಕ್ರಾಫ್ಟ್ಸ್‌ಮನ್ ಶೈಲಿಯಾಗಿ ಬೆಳೆಯಿತು.

ಈ ಎರಡು ಧಾರೆಗಳು ಕೂಡಿದ್ದು ಪಸಡೀನದ ಗ್ಯಾಂಬಲ್ ಹೌಸ್‌ನಲ್ಲಿ. ಸಹೋದರರು ಅದನ್ನು 1908ರಲ್ಲಿ ವಿನ್ಯಾಸಗೊಳಿಸಿದರು. ಅಗಲವಾದ ಮಾಡು ಗೋಡೆಗೆ ಬಿಸಿಲು ತಾಗದಂತೆ ತಡೆಯುತ್ತದೆ. ನಡುವಿನ ಹಜಾರ ಮುಂಬಾಗಿಲಿನಿಂದ ಹಿತ್ತಿಲವರೆಗೆ ಹಾದುಹೋಗುವುದರಿಂದ ಗಾಳಿ ಸರಾಗವಾಗಿ ಆಡುತ್ತದೆ. ಬೇಸಿಗೆಯ ರಾತ್ರಿ ಹೊರಗೆ ಮಲಗಲು ಮಹಡಿಯಲ್ಲಿ ಜಗಲಿಗಳಿವೆ. ತೇಗದ ತೊಲೆಗಳ ಅಂಚುಗಳನ್ನು ಕೈಗೆ ಹಿತವಾಗುವಂತೆ ಉಜ್ಜಿ ದುಂಡಗೆ ಮಾಡಲಾಗಿದೆ. ಇಂಥ ಮನೆಗಳಿಗೆ ಅಲ್ಲಿನವರು ಬಂಗಲೆ ಎಂದರು. ಆ ಪದ ಹುಟ್ಟಿದ್ದು ನಮ್ಮ ಬಂಗಾಳದಲ್ಲಿ!

ಆದರೆ ಫ್ಯಾಷನ್ ಬದಲಾಯಿತು. ಇಷ್ಟು ಶ್ರಮದ, ಇಷ್ಟು ವೆಚ್ಚದ ಮನೆಗಳನ್ನು ಕೇಳುವವರು ಕಡಿಮೆಯಾದರು. 1916ರಲ್ಲಿ ಚಾರ್ಲ್ಸ್ ಕಾರ್ಮೆಲ್ ಎಂಬ ಕಡಲತೀರದ ಊರಿಗೆ ಹೊರಟುಹೋದರು. 1922ರಲ್ಲಿ ಅಣ್ಣತಮ್ಮಂದಿರ ಸಂಸ್ಥೆಯೂ ಮುಚ್ಚಿತು. ಒಮ್ಮೆ ಗ್ಯಾಂಬಲ್ ಕುಟುಂಬದವರೇ ಮನೆ ಮಾರಲು ಹೊರಟಿದ್ದರಂತೆ. ನೋಡಲು ಬಂದವರು ಒಳಗಿನ ಮರಕ್ಕೆಲ್ಲ ಬಿಳಿ ಬಣ್ಣ ಬಳಿಯುವ ಮಾತಾಡಿದ್ದು ಕಿವಿಗೆ ಬಿದ್ದು, ಮಾರುವ ಯೋಚನೆಯನ್ನೇ ಬಿಟ್ಟರಂತೆ.

ಮನ್ನಣೆ ತಡವಾಗಿ ಬಂತು. 1952ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಸಹೋದರರನ್ನು ಗೌರವಿಸಿದಾಗ ಇಬ್ಬರೂ ಎಂಬತ್ತು ದಾಟಿದ್ದರು. ಹೆನ್ರಿ 1954ರಲ್ಲಿ, ಚಾರ್ಲ್ಸ್ 1957ರಲ್ಲಿ ನಿಧನರಾದರು. 1966ರಲ್ಲಿ ಗ್ಯಾಂಬಲ್ ಕುಟುಂಬ ಆ ಮನೆಯನ್ನು ಸಾರ್ವಜನಿಕರಿಗಾಗಿ ಬಿಟ್ಟುಕೊಟ್ಟಿತು. ಮುಂದೆ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಅಲ್ಲೇ ವಾಸವಿದ್ದು ಕಲಿಯುವ ಅವಕಾಶವೂ ದೊರೆಯಿತು.

ಚಾರ್ಲ್ಸ್ ಬಯಸಿದ ಕೋರ್ಸ್ ಅವರಿಗೆ ಸಿಗಲಿಲ್ಲ. ಆದರೆ ಸಿಕ್ಕಿದ ಕೋರ್ಸಿನೊಳಗೆ ತಮ್ಮ ಚಿತ್ರಕಾರನನ್ನು ಅವರು ಬದುಕಿಸಿಕೊಂಡರು. ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಗೆಳೆಯರೇ, ಇದನ್ನು ನೆನಪಿಡಿ.