ಡಾ. ರಾಬರ್ಟ್ ನೋಬಲ್ ಮತ್ತು ನಮ್ಮ ಅಂಗಳದ ನಿತ್ಯಪುಷ್ಪ

ಗದಗ-ಬೆಟಗೇರಿಯ ಯಾವ ಓಣಿಯಲ್ಲಿ ಹೋದರೂ ಒಂದಿಲ್ಲೊಂದು ಅಂಗಳದಲ್ಲಿ ನಿತ್ಯಪುಷ್ಪದ ಗಿಡ ಕಣ್ಣಿಗೆ ಬೀಳುತ್ತದೆ. ಕೆಲವರು ಇದನ್ನು ಸದಾಪುಷ್ಪವೆನ್ನುವರು, ಕೆಲವರು ಕಾಶಿಕಣಗಿಲೆಯೆನ್ನುವರು. ನೀರು ಕಡಿಮೆಯಾದರೂ ಬದುಕುತ್ತದೆ. ಆಡು ಬಾಯಿ ಹಾಕುವುದಿಲ್ಲ. ಹನ್ನೆರಡು ತಿಂಗಳೂ ಹೂವು ತಪ್ಪುವುದಿಲ್ಲ. ಶಿರಹಟ್ಟಿ, ಮುಂಡರಗಿಯ ಕಡೆ ಕಪ್ಪತಗುಡ್ಡದ ಔಷಧಿ ಗಿಡಗಳ ಮಾತು ಬಂದಾಗ ಇದನ್ನೂ ಆ ಸಾಲಿಗೆ ಸೇರಿಸುವವರುಂಟು. ಆದರೆ ಇದು ನಮ್ಮ ಗುಡ್ಡದ ಗಿಡವಲ್ಲ. ಆಫ್ರಿಕಾದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪವೇ ಇದರ ತವರು. ಅಲ್ಲಿಂದ ಹೊರಟು ಉಷ್ಣದೇಶಗಳಲ್ಲೆಲ್ಲ ಹಬ್ಬಿ, ಎಲ್ಲೆಡೆಯೂ ಮನೆಯ ಗಿಡವೇ ಆಗಿಬಿಟ್ಟಿದೆ. ಇದರಿಂದ ಕ್ಯಾನ್ಸರ್ ರೋಗಕ್ಕೆ ಔಷಧ ದೊರೆಯಿತೆಂದು ನಾವೆಲ್ಲ ಕೇಳಿದ್ದೇವೆ. ದೊರಕಿಸಿಕೊಟ್ಟವರಾರೆಂಬುದು ಮಾತ್ರ ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. ಆ ಮಹನೀಯರ ಜೀವನವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳುತ್ತೇನೆ.

ರಾಬರ್ಟ್ ಲೇಂಗ್ ನೋಬಲ್ ಅವರು 1910ನೆಯ ಇಸವಿ ಫೆಬ್ರುವರಿ 3ರಂದು ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಜನಿಸಿದರು. ತಂದೆ ವೈದ್ಯರು, ಅಣ್ಣ ಕ್ಲಾರ್ಕ್ ಕೂಡ ವೈದ್ಯರು. ಈ ಅಣ್ಣನದೇ ಒಂದು ಸ್ವಾರಸ್ಯದ ಸಂಗತಿಯಿದೆ. 1921ರಲ್ಲಿ ಬ್ಯಾಂಟಿಂಗ್ ಅವರು ಇನ್ಸುಲಿನ್ ಹುಡುಕಲು ಹೊರಟಾಗ, ಅವರ ಸಹಾಯಕ್ಕೆ ಮೊದಲು ಹೋಗುವವರು ಯಾರೆಂದು ಇಬ್ಬರು ವಿದ್ಯಾರ್ಥಿಗಳು ನಾಣ್ಯ ಚಿಮ್ಮಿ ನೋಡಿದರಂತೆ. ಗೆದ್ದವರು ಬೆಸ್ಟ್, ಅವರ ಹೆಸರು ಇನ್ಸುಲಿನ್ನಿನ ಇತಿಹಾಸದಲ್ಲಿ ನಿಂತಿತು. ಸೋತವರು ಕ್ಲಾರ್ಕ್ ನೋಬಲ್. ಮಧುಮೇಹದ ನಂಟು ಮಾತ್ರ ಆ ಮನೆತನವನ್ನು ಬಿಡಲಿಲ್ಲ.

ತಮ್ಮ ರಾಬರ್ಟ್ ಅವರು ಟೊರಾಂಟೊದಲ್ಲಿ 1934ರಲ್ಲಿ ವೈದ್ಯ ಪದವಿ ಪಡೆದು, ಇಂಗ್ಲೆಂಡಿನಲ್ಲಿ ಹಾರ್ಮೋನುಗಳ ಅಭ್ಯಾಸ ಮಾಡಿ, ತಾಯ್ನಾಡಿಗೆ ಮರಳಿ ಕಾಲಿಪ್ ಎಂಬ ಹಿರಿಯ ವಿಜ್ಞಾನಿಗಳೊಡನೆ ಕೆಲಸಕ್ಕೆ ನಿಂತರು. ಕಾಲಿಪ್ ಅವರೂ ಇನ್ಸುಲಿನ್ ಶುದ್ಧಿಮಾಡಿದವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಹಡಗು-ವಾಂತಿ, ಗಾಯದ ಆಘಾತ ಮೊದಲಾದವುಗಳ ಮೇಲೆ ಇವರು ದುಡಿದರು. ಯುದ್ಧ ಮುಗಿದ ಮೇಲೆ ಒಂಟಾರಿಯೊ ಪ್ರಾಂತದ ಲಂಡನ್ ಎಂಬ ಊರಿಗೆ ಬಂದರು. (ಕೆನಡಾದಲ್ಲಿಯೂ ಒಂದು ಲಂಡನ್ ಉಂಟು, ಅಲ್ಲಿಯೂ ಥೇಮ್ಸ್ ಎಂಬ ಹೊಳೆ ಹರಿಯುತ್ತದೆ!)

1952ರಲ್ಲಿ ಅಣ್ಣನಿಗೆ ಜಮೈಕಾ ದ್ವೀಪದಿಂದ ಒಂದು ಲಕೋಟೆ ಬಂತು. ಒಳಗೆ ನಿತ್ಯಪುಷ್ಪದ ಇಪ್ಪತ್ತೈದು ಎಲೆಗಳು. ಇನ್ಸುಲಿನ್ ಸಿಗದಾಗ ಅಲ್ಲಿನ ಜನ ಈ ಎಲೆಯ ಕಷಾಯ ಕುಡಿದು ಸಕ್ಕರೆಯ ಬೇನೆಯನ್ನು ತಡೆಯುತ್ತಾರೆಂಬ ಸುದ್ದಿಯೂ ಜತೆಗಿತ್ತು. ನಿವೃತ್ತರಾಗಿದ್ದ ಅಣ್ಣ ಎಲೆಗಳನ್ನು ತಮ್ಮನ ಪ್ರಯೋಗಶಾಲೆಗೆ ಕಳಿಸಿಕೊಟ್ಟರು.

ಹಳ್ಳಿಗರ ಮಾತೆಂದು ನೋಬಲ್ ಅದನ್ನು ತಳ್ಳಿಹಾಕಲಿಲ್ಲ. ಹಳ್ಳಿಗರ ಮಾತೆಂದೇ ನಂಬಿಬಿಡಲೂ ಇಲ್ಲ. ಕಷಾಯವನ್ನು ಇಲಿಗಳಿಗೆ ಕುಡಿಸಿದರು. ರಕ್ತದ ಸಕ್ಕರೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಎಲೆಯ ಸಾರವನ್ನು ಸೂಜಿಯಿಂದ ಒಳಗೆ ಹೊಗಿಸಿದರು. ಸಕ್ಕರೆ ಆಗಲೂ ಇಳಿಯಲಿಲ್ಲ, ಇಲಿಗಳು ಮಾತ್ರ ಕೆಲವೇ ದಿನಗಳಲ್ಲಿ ಸಾಯಹತ್ತಿದವು. ಇನ್ನೊಬ್ಬರಾಗಿದ್ದರೆ ಎಲೆಗಳನ್ನು ಕಸದ ಬುಟ್ಟಿಗೆ ಹಾಕಿ ಬೇರೆ ಕೆಲಸ ನೋಡುತ್ತಿದ್ದರು. ನೋಬಲ್ ಸತ್ತ ಇಲಿಗಳನ್ನು ಕೊಯ್ದು ನೋಡಿದರು. ಮೈಯೊಳಗೆಲ್ಲ ಕೀವುಗುಳ್ಳೆಗಳೆದ್ದಿದ್ದವು. ಸಾಧಾರಣ ರೋಗಾಣುಗಳನ್ನು ಎದುರಿಸುವ ಶಕ್ತಿಯೂ ಆ ಇಲಿಗಳಿಗೆ ಉಳಿದಿರಲಿಲ್ಲ, ಏಕೆಂದರೆ ರಕ್ತದಲ್ಲಿಯ ಬಿಳಿಕಣಗಳು ಕುಸಿದಿದ್ದವು, ಅವು ಹುಟ್ಟುವ ಎಲುಬಿನ ಮಜ್ಜೆ ಬರಿದಾಗಿತ್ತು. ಬಿಳಿಕಣಗಳು ಮಿತಿಮೀರಿ ಬೆಳೆಯುವುದೇ ರಕ್ತದ ಕ್ಯಾನ್ಸರ್. ಹಾಗಾದರೆ ಇಲಿಯನ್ನು ಕೊಂದ ಈ ವಿಷ, ಅಳತೆ ತಿಳಿದು ಕೊಟ್ಟರೆ, ಆ ರೋಗದ ಮೇಲೆ ನಡೆಯಲಾರದೆ? ನೋಬಲ್ಲರ ಸಂಶೋಧನೆ ಅಲ್ಲಿಂದ ಮಧುಮೇಹವನ್ನು ಬಿಟ್ಟು ಕ್ಯಾನ್ಸರಿನ ಕಡೆ ಹೊರಳಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸಕ್ಕರೆ ಬೇನೆಗೆ ಈ ಎಲೆಯನ್ನೋ ಹೂವನ್ನೋ ಸೇವಿಸುವ ರೂಢಿ ಜಮೈಕಾದಲ್ಲಷ್ಟೇ ಅಲ್ಲ, ನಮ್ಮಲ್ಲಿಯೂ ಇದೆ. ಶಿರಹಟ್ಟಿಯಲ್ಲಿರುವ ನನ್ನ ಸೋದರತ್ತೆಯವರು ದಿನವೂ ಬೆಳಿಗ್ಗೆ ಎಲೆ ಕುದಿಸಿ ಕುಡಿಯುತ್ತಿದ್ದರು. ಪರದೇಶದ ಪಂಡಿತರ ಹೆಸರಿಗೆ ಅವರು ಸೊಪ್ಪು ಹಾಕಲಿಲ್ಲ. ಇಲಿಗಳ ಕಥೆಯನ್ನು ಮಾತ್ರ ಕಿವಿಗೊಟ್ಟು ಕೇಳಿದರು. ಕಷಾಯ ನಿಂತಿತು. ಗಿಡ ಅಂಗಳದಲ್ಲಿಯೇ ಇದೆ, ಹೂವು ದೇವರ ಜಗುಲಿಗೆ ಹೋಗುತ್ತದೆ.

1954ರಲ್ಲಿ ಚಾರ್ಲ್ಸ್ ಬಿಯರ್ ಎಂಬ ರಸಾಯನಶಾಸ್ತ್ರಜ್ಞರು ನೋಬಲ್ಲರ ಜತೆಗೂಡಿದರು. ಎಲೆಯಲ್ಲಿ ಹತ್ತಾರು ಕ್ಷಾರವಸ್ತುಗಳಿವೆ, ಬೇಕಾದುದು ಅತ್ಯಲ್ಪ. ಒಂದು ಟನ್ ಒಣ ಎಲೆಯನ್ನು ಸೋಸಿದರೆ ಸಿಗುವುದು ಕೆಲವೇ ಗ್ರಾಂ. ಕೆನಡಾದ ಚಳಿಯಲ್ಲಿ ಈ ಗಿಡ ಹೊರಗೆ ಬದುಕುವಂತೆಯೂ ಇರಲಿಲ್ಲ. ಕೊನೆಗೆ 1958ರಲ್ಲಿ ಬಿಯರ್ ಅವರು ಶುದ್ಧ ಹರಳನ್ನು ಬೇರ್ಪಡಿಸಿದರು. ಅದೇ ಇಂದು ವಿನ್‌ಬ್ಲಾಸ್ಟಿನ್ ಎನಿಸಿಕೊಂಡಿದೆ. ಅದೇ ವರ್ಷ ನ್ಯೂಯಾರ್ಕಿನ ವಿಜ್ಞಾನ ಸಭೆಯಲ್ಲಿ ಇವರು ಪ್ರಬಂಧ ಓದಿದಾಗ, ಅಮೆರಿಕದ ಎಲಿ ಲಿಲ್ಲಿ ಕಂಪನಿಯವರೂ ಇದೇ ಗಿಡದ ಹಿಂದೆ ಬಿದ್ದು, ಇಲಿಗಳ ರಕ್ತಕ್ಯಾನ್ಸರಿನ ಮೇಲೆ ಅದರ ಗುಣ ಕಂಡಿದ್ದರೆಂದು ತಿಳಿಯಿತು. ಅವರೂ ಮಧುಮೇಹದಿಂದಲೇ ಹೊರಟವರು! ಮುಂದೆ ಆ ಕಂಪನಿಯವರು ಅದೇ ಎಲೆಯಿಂದ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದನ್ನು ತೆಗೆದರು. 1963ರಲ್ಲಿ ಅಮೆರಿಕದ ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದು ಹಂಚುವ ಸೂಕ್ಷ್ಮ ನೂಲುಗಳುಂಟಷ್ಟೆ. ಈ ಔಷಧಗಳು ಆ ನೂಲು ಕಟ್ಟಲು ಬಿಡುವುದಿಲ್ಲ. ಹೀಗಾಗಿ ಕೋಶ ಒಡೆಯಲಾರದೆ ನಡುವೆಯೇ ನಿಂತು ಸಾಯುತ್ತದೆ.

ಇವು ಬರುವ ಮುಂಚೆ ರಕ್ತಕ್ಯಾನ್ಸರ್ ತಗಲಿದ ಮಕ್ಕಳು ಉಳಿಯುವುದೇ ಅಪರೂಪವಾಗಿತ್ತು. ಈಗ ಇತರ ಔಷಧಗಳ ಜತೆ ವಿನ್‌ಕ್ರಿಸ್ಟಿನ್ ಕೊಟ್ಟು, ಒಳ್ಳೆಯ ಆರೈಕೆಯಿರುವಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳನ್ನು ಉಳಿಸಿಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ನಮ್ಮ ಬಳಗದ ಹುಡುಗನೊಬ್ಬ ಬೆಂಗಳೂರಿನಲ್ಲಿ ಈ ಔಷಧ ಪಡೆದ. ಪಾದ ಜೋಮು ಹಿಡಿದು ಕೆಲವು ತಿಂಗಳು ಎಡವುತ್ತ ನಡೆದ. ಈಗ ಸೈಕಲ್ಲಿನ ಮೇಲೆ ಶಾಲೆಗೆ ಹೋಗುತ್ತಾನೆ. ಮಡಗಾಸ್ಕರಿನ ಬಡವರಿಗೆ, ಜಮೈಕಾದ ಕಷಾಯದವರಿಗೆ ಈ ವ್ಯಾಪಾರದಲ್ಲಿ ಏನು ಪಾಲು ಬಂತೆಂಬ ಪ್ರಶ್ನೆಯನ್ನು ಆಮೇಲೆ ಹಲವರು ಎತ್ತಿದ್ದಾರೆ. ಎತ್ತತಕ್ಕದ್ದೇ.

1960ರಲ್ಲಿ ನೋಬಲ್ ಅವರು ವ್ಯಾಂಕೂವರಿನ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ಕ್ಯಾನ್ಸರ್ ಸಂಶೋಧನ ಕೇಂದ್ರದ ನಿರ್ದೇಶಕರಾದರು. 1975ರಲ್ಲಿ ಆ ಹುದ್ದೆ ಬಿಟ್ಟರೂ ಪ್ರಯೋಗಶಾಲೆಯನ್ನು ಬಿಡಲಿಲ್ಲ. ಅವರು ಸಾಕಿ ಬೆಳೆಸಿದ ಇಲಿಯ ತಳಿಗೆ ಅವರ ಹೆಸರೇ ನಿಂತಿದೆ. 1988ರಲ್ಲಿ ಕೆನಡಾ ಸರಕಾರದ ಗೌರವ ಬಂತು. 1990ರ ಡಿಸೆಂಬರ್ 11ರಂದು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಿಯರ್ ಅವರು ಇನ್ನೂ ಇಪ್ಪತ್ತು ವರ್ಷ ಬಾಳಿ 2010ರಲ್ಲಿ ನಿಧನರಾದರು.